ಅಕ್ಷರರೂಪದ ಅರ್ಥ: ನಿಘಂಟುಕಾರ ಜೇಮ್ಸ್ ಮರ್ರೆ ಮತ್ತು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಗಣಕೀಕರಣ

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಗಣಕಯಂತ್ರಕ್ಕೆ ಅಳವಡಿಸುವ ಕಾರ್ಯ 1984ರಲ್ಲಿ ಆರಂಭವಾಯಿತು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಫೋರ್ಟ್ ವಾಷಿಂಗ್ಟನ್ ಹಾಗೂ ಫ್ಲಾರಿಡಾದ ಟ್ಯಾಂಪಾ ನಗರಗಳಲ್ಲಿ ಸುಮಾರು 120 ಮಂದಿ ಬೆರಳಚ್ಚುಗಾರರು ಹಳೆಯ ಸಂಪುಟಗಳನ್ನು ಮುಂದಿಟ್ಟುಕೊಂಡು ಕುಳಿತರು. ಅವರು ಯಂತ್ರಕ್ಕೆ ಊಡಿದ ಅಕ್ಷರಚಿಹ್ನೆಗಳ ಸಂಖ್ಯೆ 35 ಕೋಟಿ. ಇಂಗ್ಲೆಂಡಿನಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಅದರ ಕರಡನ್ನು ತಿದ್ದಿದರು. ಒಬ್ಬನೇ ವ್ಯಕ್ತಿ ಈ ಕೆಲಸಕ್ಕೆ ತೊಡಗಿದ್ದರೆ ಬೆರಳಚ್ಚಿಗೆ 120 ವರ್ಷ, ಕರಡು ತಿದ್ದುವುದಕ್ಕೆ ಮತ್ತೆ 60 ವರ್ಷ ಬೇಕಾಗುತ್ತಿತ್ತೆಂದು ಪ್ರಕಾಶಕರು ಲೆಕ್ಕ ಹಾಕಿದ್ದರು.

ಈ ಲೆಕ್ಕದಲ್ಲಿ ಕಾಣಿಸದ ತೊಡಕೊಂದಿತ್ತು. ನಿಘಂಟಿನ ಪುಟದಲ್ಲಿರುವುದು ಅಕ್ಷರಗಳಷ್ಟೇ ಅಲ್ಲ. ಅಕ್ಷರಗಳ ರೂಪಭೇದವೂ ಅಲ್ಲಿ ಅರ್ಥವನ್ನು ಹೊತ್ತಿರುತ್ತದೆ. ಓರೆ ಅಕ್ಷರದಲ್ಲಿ ಅಚ್ಚಾದ ಒಂದು ಪದ ಗ್ರಂಥದ ಹೆಸರಾಗಿರಬಹುದು, ಅನ್ಯಭಾಷೆಯ ಮೂಲರೂಪವಾಗಿರಬಹುದು, ವ್ಯಾಕರಣವರ್ಗದ ಸೂಚನೆಯಾಗಿರಬಹುದು. ಓದುವ ಮನುಷ್ಯ ಇದನ್ನು ಸ್ಥಾನಬಲದಿಂದ ತಿಳಿಯುತ್ತಾನೆ, ಯಂತ್ರಕ್ಕೆ ಹೇಳಿಕೊಡಬೇಕು. ಪಠ್ಯದ ಒಂದೊಂದು ಭಾಗದ ಆರಂಭಕ್ಕೂ ಅಂತ್ಯಕ್ಕೂ ಅದು ಏನೆಂಬುದನ್ನು ಹೇಳುವ ಗುರುತನ್ನು ಕೂಡಿಸುವ ಕ್ರಮಕ್ಕೆ ಗಣಕ ಪರಿಭಾಷೆಯಲ್ಲಿ ಮಾರ್ಕಪ್ ಎಂದು ಹೆಸರು; ಒಂದೊಂದು ಗುರುತೂ ಒಂದು ಟ್ಯಾಗ್. ಈ ಟ್ಯಾಗುಗಳಲ್ಲಿ ನುಸುಳಿದ ದೋಷಗಳನ್ನು ತಿದ್ದುವುದು ಮೇಲ್ನೋಟಕ್ಕೆ ಯಾಂತ್ರಿಕವೆನಿಸುವ ಕೆಲಸ. ಆದರೆ ಅದಕ್ಕೆ ಕೈಹಾಕಿದವರು ಮತ್ತೆ ಮತ್ತೆ ಎದುರಾದದ್ದು ಏಳು ದಶಕಗಳ ಹಿಂದೆಯೇ ತೀರಿಕೊಂಡಿದ್ದ ಒಬ್ಬ ವ್ಯಕ್ತಿಯ ನಿರ್ಣಯಗಳಿಗೆ. ಆ ವ್ಯಕ್ತಿ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಸರ್ ಜೇಮ್ಸ್ ಮರ್ರೆ. ಅವರ ಜೀವನವನ್ನು ಈ ಗುರುತುಗಳ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮರ್ರೆಯವರು ಹುಟ್ಟಿದ್ದು 1837ರ ಫೆಬ್ರವರಿ 7ರಂದು, ಸ್ಕಾಟ್ಲೆಂಡಿನ ದಕ್ಷಿಣ ಗಡಿಯ ಹಾವಿಕ್ ಪಟ್ಟಣಕ್ಕೆ ಸಮೀಪದ ಡೆನ್‌ಹೋಮ್ ಎಂಬ ಹಳ್ಳಿಯಲ್ಲಿ. ತಂದೆ ದರ್ಜಿ. ಬಡತನದಿಂದಾಗಿ ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಡಬೇಕಾಯಿತು. ಹದಿನೇಳಕ್ಕೆ ಅವರೇ ಸಹಾಯಕ ಉಪಾಧ್ಯಾಯರಾದರು, ಇಪ್ಪತ್ತಕ್ಕೆ ಹಾವಿಕ್‌ನ ಒಂದು ಶಾಲೆಯ ಮುಖ್ಯಸ್ಥರಾದರು. ಆ ಪ್ರದೇಶದಲ್ಲಿ ಜೇಮ್ಸ್ ಮರ್ರೆ ಎಂಬ ಹೆಸರಿನವರು ಹಲವರಿದ್ದುದರಿಂದ, ತಾನು ಬೇರೆಯೆಂದು ತಿಳಿಯಲೆಂದು 1855ರಲ್ಲಿ ತಮ್ಮ ಹೆಸರಿಗೆ ಅಗಸ್ಟಸ್ ಹೆನ್ರಿ ಎಂಬ ಎರಡು ಪದಗಳನ್ನು ತಾವಾಗಿ ಸೇರಿಸಿಕೊಂಡರು. ಸಮಾನರೂಪದ ಪದಗಳ ಮುಂದೆ ಭೇದಸೂಚಕ ಅಂಕಿಯನ್ನು ಹಾಕುವ ನಿಘಂಟುಕಾರನ ಬುದ್ಧಿ ಹದಿನೆಂಟರ ತರುಣನಲ್ಲಿಯೇ ಇತ್ತೆಂದು ಇದನ್ನು ಲಘುವಾಗಿ ಹೇಳಬಹುದು.

ಭಾಷೆಗಳ ಬಗೆಗಿನ ಅವರ ಹಸಿವು ಅಸಾಧಾರಣವಾದುದು. ಲ್ಯಾಟಿನ್, ಫ್ರೆಂಚ್, ಇಟಾಲಿಯನ್, ಜರ್ಮನ್ ಅಲ್ಲದೆ ಹಳೆಯ ಇಂಗ್ಲಿಷ್, ಗಾಥಿಕ್, ಹೀಬ್ರೂ ಮುಂತಾದವನ್ನು ಬೇರೆ ಬೇರೆ ಮಟ್ಟಗಳಲ್ಲಿ ಸ್ವಪ್ರಯತ್ನದಿಂದಲೇ ಕಲಿತರು. ಎಡಿನ್‌ಬರೋದಲ್ಲಿ ಧ್ವನಿಶಾಸ್ತ್ರಜ್ಞ ಅಲೆಕ್ಸಾಂಡರ್ ಮೆಲ್ವಿಲ್ ಬೆಲ್ ಅವರ ಪರಿಚಯವಾಯಿತು. ಉಚ್ಚಾರಣಾವಯವಗಳ ಸ್ಥಿತಿಯನ್ನೇ ಚಿಹ್ನೆಗಳಲ್ಲಿ ಬರೆಯುವ ಪದ್ಧತಿಯೊಂದನ್ನು ರೂಪಿಸಿದವರು ಈ ಬೆಲ್. ಅವರ ಮಗ, ಮುಂದೆ ದೂರವಾಣಿಯಿಂದ ಪ್ರಸಿದ್ಧನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್, ಮರ್ರೆಯವರಿಂದ ವಿದ್ಯುತ್ತಿನ ಮೊದಲ ಪಾಠ ಕಲಿತವನು. 1867ರಲ್ಲಿ ಅವರ ಮದುವೆಯಲ್ಲಿ ವರನ ಸಂಗಡಿಗನಾಗಿ ನಿಂತವನೂ ಅವನೇ. ಅದು ಮರ್ರೆಯವರ ಎರಡನೆಯ ವಿವಾಹ. ಮೊದಲ ಪತ್ನಿ ಮ್ಯಾಗಿ ಸ್ಕಾಟ್ ಅವರನ್ನು ವರಿಸಿದ್ದು 1862ರಲ್ಲಿ. ಹುಟ್ಟಿದ ಹೆಣ್ಣುಮಗು ಶೈಶವದಲ್ಲಿಯೇ ಕ್ಷಯದಿಂದ ತೀರಿಕೊಂಡಿತು. ಪತ್ನಿಯ ಆರೋಗ್ಯಕ್ಕಾಗಿ ಹುಟ್ಟೂರನ್ನೂ ಉಪಾಧ್ಯಾಯ ವೃತ್ತಿಯನ್ನೂ ಬಿಟ್ಟು ಲಂಡನ್ನಿಗೆ ಬಂದರೂ ಆಕೆ ಉಳಿಯಲಿಲ್ಲ. ಲಂಡನ್ನಿನಲ್ಲಿ ಅವರಿಗೆ ದೊರೆತದ್ದು ಚಾರ್ಟರ್ಡ್ ಬ್ಯಾಂಕ್ ಆಫ್ ಇಂಡಿಯಾ, ಆಸ್ಟ್ರೇಲಿಯಾ ಅಂಡ್ ಚೈನಾ ಎಂಬ ಸಂಸ್ಥೆಯಲ್ಲಿ ಗುಮಾಸ್ತೆಯ ಕೆಲಸ. 1866ರಲ್ಲಿ ತಾವು ಬಲ್ಲ ಭಾಷೆಗಳ ಉದ್ದನೆಯ ಪಟ್ಟಿಯೊಂದಿಗೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಅರ್ಜಿ ಹಾಕಿದರು, ಕೆಲಸ ಸಿಗಲಿಲ್ಲ. ಎರಡನೆಯ ಪತ್ನಿ ಏಡಾ ರುಥ್ವೆನ್ ಅವರಿಂದ ಹನ್ನೊಂದು ಮಕ್ಕಳಾದರು. 1870ರಲ್ಲಿ ಮಿಲ್ ಹಿಲ್ ಶಾಲೆಯ ಉಪಾಧ್ಯಾಯರಾಗಿ ಅವರು ಮತ್ತೆ ತಮ್ಮ ವೃತ್ತಿಗೆ ಮರಳಿದರು.

1873ರಲ್ಲಿ ಪ್ರಕಟವಾದ ಅವರ ಮೊದಲ ಮಹತ್ವದ ಗ್ರಂಥ ದಕ್ಷಿಣ ಸ್ಕಾಟ್ಲೆಂಡಿನ ಉಪಭಾಷೆಯನ್ನು ಕುರಿತದ್ದು. ಕಿವಿಗೆ ಬಿದ್ದ ಧ್ವನಿಯನ್ನು ಕಾಗದದ ಮೇಲೆ ನಿಲ್ಲಿಸಬೇಕಾದರೆ ಒಂದು ಚಿಹ್ನೆಗೆ ಒಂದೇ ಬೆಲೆ ಇರಬೇಕೆಂಬ ಶಿಸ್ತು ಅವರಿಗೆ ಅಭ್ಯಾಸವಾದದ್ದು ಈ ಅಧ್ಯಯನದಲ್ಲಿ. ಮುಂದೆ ನಿಘಂಟಿಗಾಗಿ ಅವರು ರೂಪಿಸಿದ ಉಚ್ಚಾರಣ ಸಂಕೇತವ್ಯವಸ್ಥೆಯ ಬೀಜವೂ ಇಲ್ಲಿದೆ.

ಇಂಗ್ಲಿಷಿಗೆ ಐತಿಹಾಸಿಕ ತತ್ತ್ವಗಳ ಮೇಲೆ ಒಂದು ನಿಘಂಟು ಬೇಕೆಂಬ ಆಲೋಚನೆ ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ ಮೂಡಿದ್ದು 1857ರಲ್ಲಿ. ಮೊದಲ ಸಂಪಾದಕ ಹರ್ಬರ್ಟ್ ಕೋಲ್‌ರಿಜ್ 1861ರಲ್ಲಿ ಮೂವತ್ತರ ಹರೆಯದಲ್ಲಿಯೇ ತೀರಿಕೊಂಡರು. ಚೀಟಿಗಳನ್ನು ವಿಂಗಡಿಸಲು ಅವರು ಮಾಡಿಸಿದ್ದ ಮರದ ಗೂಡುಗಳು ಐವತ್ತನಾಲ್ಕು. ಕೆಲಸದ ಗಾತ್ರದ ಬಗ್ಗೆ ಆಗ ಯಾರಿಗೂ ಅಂದಾಜಿರಲಿಲ್ಲ. ಅವರ ಅನಂತರ ಬಂದ ಫ್ರೆಡರಿಕ್ ಫರ್ನಿವಾಲ್ ಅವರಲ್ಲಿ ಉತ್ಸಾಹ ಧಾರಾಳವಾಗಿತ್ತು, ವ್ಯವಸ್ಥೆ ಇರಲಿಲ್ಲ. 1879ರ ಮಾರ್ಚ್ 1ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯದೊಡನೆ ಒಪ್ಪಂದವಾಗಿ ಸಂಪಾದಕತ್ವ ಮರ್ರೆಯವರಿಗೆ ಬಂದಾಗ ಸುಮಾರು ಎರಡು ಟನ್ ತೂಕದ ಚೀಟಿಗಳು ಅವರ ಮನೆ ತಲಪಿದವು. ಒಂದು ಚೀಲದಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಎಚ್ ಅಕ್ಷರದ ಚೀಟಿಗಳು ಇಟಲಿಯ ಫ್ಲಾರೆನ್ಸಿನಲ್ಲಿದ್ದವು. ಪಿ ಅಕ್ಷರದ ಒಂದು ಭಾಗ ಐರ್ಲೆಂಡಿನ ಒಂದು ಕುದುರೆಲಾಯದಲ್ಲಿ ಪತ್ತೆಯಾಯಿತು; ಅದರಲ್ಲಿ ಬಹುಪಾಲು ಅಷ್ಟುಹೊತ್ತಿಗೆ ಒಲೆ ಹೊತ್ತಿಸುವುದಕ್ಕೆ ಬಳಕೆಯಾಗಿತ್ತು. ಹತ್ತು ವರ್ಷಗಳಲ್ಲಿ ಏಳು ಸಾವಿರ ಪುಟಗಳೊಳಗೆ ನಿಘಂಟನ್ನು ಮುಗಿಸುವುದೆಂಬುದು ಒಪ್ಪಂದದ ನಿರೀಕ್ಷೆ.

ಮರ್ರೆಯವರು ಮೊದಲು ಮಾಡಿದ ಕೆಲಸ ವ್ಯಾಖ್ಯಾನ ಬರೆಯುವುದಲ್ಲ, ಚೀಟಿಯ ಸ್ವರೂಪವನ್ನು ನಿಶ್ಚಯಿಸುವುದು. ಅರ್ಧ ಹಾಳೆಯ ಕಾಗದ, ಮೇಲಿನ ಎಡಮೂಲೆಯಲ್ಲಿ ಪದ, ಅದರ ಕೆಳಗೆ ಕಾಲ, ಕರ್ತೃ, ಕೃತಿ, ಪುಟ, ಆಮೇಲೆ ಪ್ರಯೋಗವಾಕ್ಯ. ಓದುಗರಿಗಾಗಿ ಪ್ರಕಟಿಸಿದ ಮನವಿಪತ್ರದಲ್ಲಿ ಇದನ್ನು ಸ್ಪಷ್ಟವಾಗಿ ಕೇಳಿಕೊಂಡರು. ಬ್ರಿಟನ್ನಿನಿಂದಲೂ ಅಮೆರಿಕದಿಂದಲೂ ನೂರಾರು ಸ್ವಯಂಸೇವಕರು ಸ್ಪಂದಿಸಿದರು. ಮಿಲ್ ಹಿಲ್ ಶಾಲೆಯ ಆವರಣದಲ್ಲಿ ತಗಡಿನ ಷೆಡ್ಡೊಂದನ್ನು ಕಟ್ಟಿಸಿ ಅದಕ್ಕೆ ಸ್ಕ್ರಿಪ್ಟೋರಿಯಂ ಎಂದು ಹೆಸರಿಟ್ಟರು. ಮಧ್ಯಯುಗದ ಮಠಗಳಲ್ಲಿ ಸನ್ಯಾಸಿಗಳು ಹಸ್ತಪ್ರತಿ ಬರೆಯುತ್ತಿದ್ದ ಕೋಣೆಗೆ ಇದ್ದ ಹೆಸರು ಅದು. ಒಳಗೆ 1,029 ಗೂಡುಗಳು. ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸುವ ಕೆಲಸಕ್ಕೆ ಮರ್ರೆಯವರ ಮಕ್ಕಳೇ ಕೂರುತ್ತಿದ್ದರು, ಅದಕ್ಕಾಗಿ ಅವರಿಗೆ ಚಿಲ್ಲರೆ ಕಾಸು ಸಿಗುತ್ತಿತ್ತು. ಎಲ್ಸಿ ಮತ್ತು ರಾಸ್‌ಫ್ರಿತ್ ಎಂಬ ಇಬ್ಬರು ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ನಿಘಂಟಿನ ಸಹಾಯಕರಾಗಿಯೇ ಮುಂದುವರಿದರು.

ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಆ ಚೀಟಿ ಒಂದು ದತ್ತಾಂಶದ ನಮೂನೆ. ಕಾಲ, ಕರ್ತೃ, ಕೃತಿ, ವಾಕ್ಯ ಎಂಬ ನಾಲ್ಕು ಘಟಕಗಳು ನಿಯತ ಸ್ಥಾನದಲ್ಲಿ ನಿಯತ ಕ್ರಮದಲ್ಲಿ ಬರುತ್ತವೆ. 1980ರ ದಶಕದಲ್ಲಿ ಪ್ರಯೋಗಭಾಗಕ್ಕೆ ಕೊಟ್ಟ ಟ್ಯಾಗುಗಳೂ ಇವೇ ನಾಲ್ಕು. ಸ್ವಯಂಸೇವಕರು ನಮೂನೆಯನ್ನು ಮೀರಿದಾಗ, ಪುಟಸಂಖ್ಯೆ ಬಿಟ್ಟಾಗ, ಆವೃತ್ತಿಯನ್ನು ಹೇಳದಿದ್ದಾಗ ಆ ಕೊರತೆಯನ್ನು ತುಂಬಲು ಮರ್ರೆಯವರು ಬರೆದ ಪತ್ರಗಳಿಗೆ ಲೆಕ್ಕವಿಲ್ಲ. 1885ರಲ್ಲಿ ಶಾಲೆಯ ಕೆಲಸ ಬಿಟ್ಟು ಆಕ್ಸ್‌ಫರ್ಡಿನ ಬ್ಯಾನ್‌ಬರಿ ರಸ್ತೆಯ ಮನೆಗೆ ಬಂದ ಮೇಲೆ ಅಂಚೆ ಇಲಾಖೆ ಅವರ ಮನೆಯ ಮುಂದೆಯೇ ಒಂದು ಅಂಚೆಪೆಟ್ಟಿಗೆಯನ್ನು ನೆಟ್ಟಿತು.

ಈ ಸ್ವಯಂಸೇವಕರಲ್ಲಿ ಬ್ರಾಡ್‌ಮೂರ್ ಮಾನಸಿಕ ರೋಗಿಗಳ ಬಂಧನಾಲಯದಲ್ಲಿದ್ದ ವೈದ್ಯ ವಿಲಿಯಂ ಮೈನರ್ ಅವರ ಕಥೆ ಈಗ ಎಲ್ಲರಿಗೂ ತಿಳಿದದ್ದು. ಭಾರತೀಯ ಓದುಗರು ಅದಕ್ಕಿಂತ ಹೆಚ್ಚು ಗಮನಿಸಬೇಕಾದ ಹೆಸರು ಫಿಟ್ಸ್‌ಎಡ್ವರ್ಡ್ ಹಾಲ್. ಅಮೆರಿಕದವರಾದ ಹಾಲ್ 1846ರಲ್ಲಿ ಕಲ್ಕತ್ತೆಯ ಬಳಿ ಹಡಗು ಅಪಘಾತಕ್ಕೀಡಾಗಿ ಭಾರತದಲ್ಲಿಯೇ ಉಳಿದು, ಕಾಶಿಯ ಸರಕಾರಿ ಸಂಸ್ಕೃತ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ಸಂಸ್ಕೃತ ಗ್ರಂಥವನ್ನು ಸಂಪಾದಿಸಿದ ಮೊದಲ ಅಮೆರಿಕನ್. ಇಂಗ್ಲೆಂಡಿನ ವಿದ್ವದ್ವಲಯದೊಂದಿಗೆ ಮುನಿಸಿಕೊಂಡು ಸಫೋಕ್‌ನ ಹಳ್ಳಿಯೊಂದರಲ್ಲಿ ಏಕಾಂತವಾಗಿದ್ದ ಅವರು ಸುಮಾರು ಇಪ್ಪತ್ತು ವರ್ಷ ದಿನಕ್ಕೆ ನಾಲ್ಕು ಗಂಟೆಯಂತೆ ನಿಘಂಟಿನ ಕರಡಚ್ಚುಗಳನ್ನು ಸಂಭಾವನೆಯಿಲ್ಲದೆ ಓದಿ ತಿದ್ದಿದರು. ಹಸ್ತಪ್ರತಿಗಳ ಪಾಠಶೋಧನೆಯಲ್ಲಿ ಕಾಶಿಯಲ್ಲಿ ಪಳಗಿದ ಕಣ್ಣು ಇಂಗ್ಲಿಷ್ ನಿಘಂಟಿನ ಕರಡಿಗೆ ಒದಗಿತೆಂಬುದನ್ನು ಮರೆಯುವಂತಿಲ್ಲ.

ಮುದ್ರಿತ ಪುಟದ ವಿನ್ಯಾಸ ಮರ್ರೆಯವರ ಪ್ರತಿಭೆಯ ನಿಜವಾದ ನೆಲೆ. ಅವರ ಪದಜ್ಞಾನವನ್ನು ಕೊಂಡಾಡಿದಷ್ಟು ಇದನ್ನು ವಿಮರ್ಶಕರು ಕೊಂಡಾಡಿಲ್ಲ. ಮುಖ್ಯಪದಕ್ಕೆ ಕ್ಲಾರೆಂಡನ್ ಎಂಬ ದಪ್ಪ ಅಚ್ಚುಮೊಳೆ. ಅರ್ಥವಿವರಣೆಗೆ ಸಾಧಾರಣ ಗಾತ್ರ, ಪ್ರಯೋಗಗಳಿಗೆ ಅದಕ್ಕಿಂತ ಸಣ್ಣದು. ಪ್ರಯೋಗದ ಕಾಲಕ್ಕೆ ದಪ್ಪ ಅಂಕಿ, ಕರ್ತೃವಿಗೆ ಗಾತ್ರದಲ್ಲಿ ಕುಗ್ಗಿಸಿದ ಕ್ಯಾಪಿಟಲ್ ಅಕ್ಷರ, ಕೃತಿಗೆ ಓರೆ ಅಕ್ಷರ. ಬಳಕೆ ತಪ್ಪಿದ ಪದದ ಮುಂದೆ ಕಠಾರಿಯ ಚಿಹ್ನೆ. ಇಂಗ್ಲಿಷಿಗೆ ಬಂದರೂ ಇನ್ನೂ ಅನ್ಯವೆನಿಸುವ ಪದಕ್ಕೆ ಎರಡು ಲಂಬರೇಖೆ. ತಪ್ಪು ತಿಳುವಳಿಕೆಯಿಂದ ಹುಟ್ಟಿದ ಪ್ರಯೋಗಕ್ಕೆ ಬೇರೆಯೇ ಗುರುತು. ಪದದ ಪ್ರಾಚೀನ ರೂಪಗಳನ್ನು ಕೊಡುವಾಗ ಶತಮಾನವನ್ನು ಒಂದೇ ಅಂಕಿಯಿಂದ ಸೂಚಿಸುವ ಜಾಣ್ಮೆ: ಒಂದು ಎಂದರೆ 1100ಕ್ಕೆ ಹಿಂದಿನದು, ಮೂರು ಎಂದರೆ ಹದಿಮೂರನೆಯ ಶತಮಾನ, ಐದು ಎಂದರೆ ಹದಿನೈದನೆಯದು.

ಒಂದೇ ಅಂಕಿಗೆ ಈಗ ಹಲವು ಬೆಲೆಗಳಾದವು. ರೂಪಗಳ ಪಟ್ಟಿಯಲ್ಲಿರುವ ಮೂರು ಶತಮಾನವಾದರೆ, ಅರ್ಥಭಾಗದ ಆರಂಭದ ಮೂರು ಮೂರನೆಯ ಅರ್ಥ. ಮುಖ್ಯಪದದ ಹೆಗಲ ಮೇಲಿನ ಮೂರು ಸಮಾನರೂಪದ ಮೂರನೆಯ ಪದ. ಕುಗ್ಗಿಸಿದ ಕ್ಯಾಪಿಟಲ್ ಅಕ್ಷರ ಪ್ರಯೋಗದಲ್ಲಿ ಬಂದರೆ ಕರ್ತೃ, ವ್ಯುತ್ಪತ್ತಿಯಲ್ಲೋ ವಿವರಣೆಯಲ್ಲೋ ಬಂದರೆ ಬೇರೊಂದು ಉಲ್ಲೇಖವನ್ನು ನೋಡಬೇಕೆಂಬ ಸೂಚನೆ. ಓದುವ ಕಣ್ಣಿಗೆ ಇದರಲ್ಲಿ ಗೊಂದಲವಿಲ್ಲ. ಕಿಟ್ಟೆಲ್ ಕೋಶವನ್ನು ನಿತ್ಯ ಬಳಸುವ ಕನ್ನಡ ಅಧ್ಯಾಪಕರಿಗೆ ಹ್ರಸ್ವಸಂಕೇತಗಳನ್ನು ಸ್ಥಾನ ನೋಡಿ ಬಿಡಿಸಿಕೊಳ್ಳುವ ಈ ಅಭ್ಯಾಸ ಅಪರಿಚಿತವಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಕೋಶ ಮರ್ರೆಯವರ ನಿಘಂಟಿನ ಸಮಕಾಲೀನ. ಸ್ಥಾನಕ್ಕೆ ತಕ್ಕ ಬೆಲೆ ಎಂಬ ಈ ತತ್ತ್ವ ನಿಲ್ಲಬೇಕಾದರೆ ಸ್ಥಾನಕ್ರಮ ಎಂದೂ ತಪ್ಪಬಾರದು. ಮರ್ರೆಯವರ ಹಟ ಇದ್ದದ್ದು ಅಲ್ಲಿ. ಮುದ್ರಣಾಲಯಕ್ಕೆ ಹೋಗುತ್ತಿದ್ದುದು ಶುದ್ಧಪ್ರತಿಯಲ್ಲ, ಕ್ರಮಾಂಕ ಹಾಕಿದ ಚೀಟಿಗಳ ಕಟ್ಟು. ನೂರು ಕೈಗಳ ಬರವಣಿಗೆಯ ಆ ಕಟ್ಟು ಅಚ್ಚಾಗಿ ಬರುವಾಗ ಒಂದೇ ಕೈಯ ಪುಟವಾಗಬೇಕಿತ್ತು. ಅದಕ್ಕಾಗಿ ಕರಡಚ್ಚಿನ ಹಂತಹಂತದಲ್ಲೂ ಅವರು ವಿರಾಮಚಿಹ್ನೆಯವರೆಗೆ ತಿದ್ದುತ್ತಿದ್ದರು.

ಗುರುತು ತಪ್ಪಿದರೆ ಏನಾಗುತ್ತದೆಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಎ ಅಕ್ಷರದ ಕೆಲಸ ನಡೆಯುತ್ತಿದ್ದಾಗ ಅವರ ಮುಂದೆ 'ಅಬಕಾಟ್' ಎಂಬ ಪದ ಬಂದಿತು. ಇಂಗ್ಲೆಂಡಿನ ಅರಸರು ಧರಿಸುತ್ತಿದ್ದ, ಎರಡು ಕಿರೀಟಗಳ ಆಕಾರದ ರಾಜಶಿರಸ್ತ್ರಾಣವೆಂದು ಹಲವು ನಿಘಂಟುಗಳು ಅದಕ್ಕೆ ಅರ್ಥ ಕೊಟ್ಟಿದ್ದವು. ಮರ್ರೆಯವರು ಆಕರಗಳನ್ನು ಒಂದೊಂದಾಗಿ ಹಿಂದಕ್ಕೆ ಹುಡುಕುತ್ತ ಹೋದರು. ಮೂಲದಲ್ಲಿದ್ದದ್ದು 'ಬೈಕಾಕೆಟ್' ಎಂಬ ಒಂದು ಬಗೆಯ ಟೊಪ್ಪಿಗೆ. ಅದರ ಹಿಂದಿದ್ದ 'ಎ' ಎಂಬ ಇಂಗ್ಲಿಷಿನ ಉಪಪದ 1548ರ ಹಾಲ್ ಅವರ ಚರಿತ್ರೆಯಲ್ಲಿ ಪದಕ್ಕೆ ಅಂಟಿಕೊಂಡಿತು. ಅನಂತರದ ಚರಿತ್ರಕಾರರ ಕೈಯಲ್ಲಿ ರೂಪ ಮತ್ತಷ್ಟು ಕೆಟ್ಟಿತು. 1587ರ ಹಾಲಿನ್‌ಷೆಡ್ ಆವೃತ್ತಿಯ ವೇಳೆಗೆ ಅದು ಅಬಕಾಟ್ ಆಯಿತು. ಹದಿನೇಳನೆಯ ಶತಮಾನದಲ್ಲಿ ಸ್ಪೆಲ್ಮನ್ ತಮ್ಮ ಶಬ್ದಕೋಶಕ್ಕೆ ಸೇರಿಸಿಕೊಂಡರು. ಮುಂದಿನ ಕೋಶಕಾರರು ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದರು. ಹೀಗೆ ಇಲ್ಲದ ಪದವೊಂದು ಎರಡು ಶತಮಾನಕ್ಕೂ ಹೆಚ್ಚು ಕಾಲ ನಿಘಂಟುಗಳಲ್ಲಿ ಬಾಳಿತು. ಇದನ್ನು ಮರ್ರೆಯವರು 1882ರಲ್ಲಿ ಅಥೀನಿಯಂ ಪತ್ರಿಕೆಯಲ್ಲಿ ಬಯಲಿಗೆಳೆದರು. ನಾಲ್ಕು ವರ್ಷಗಳ ಬಳಿಕ ಭಾಷಾಶಾಸ್ತ್ರಜ್ಞ ಸ್ಕೀಟ್ ಇಂಥವನ್ನು ಪ್ರೇತಪದಗಳೆಂಬ ಅರ್ಥದ ಹೆಸರಿನಿಂದ ಕರೆದರು.

ಓಲೆಗರಿಯ ಗ್ರಂಥಗಳನ್ನು ಸಂಪಾದಿಸಿದವರಿಗೆ ಇದು ಹೊಸ ಕಥೆಯಲ್ಲ. ಪದಗಳ ನಡುವೆ ತೆರಪಿಲ್ಲದೆ ಬರೆದ ಗರಿಯಲ್ಲಿ ಪದಚ್ಛೇದ ಒಂದು ಅಕ್ಷರದಷ್ಟು ಆಚೀಚೆಯಾದರೆ ಹಳಗನ್ನಡಕ್ಕೂ ಹೊಸ ಪದಗಳು ಹುಟ್ಟುತ್ತವೆ. ಮುದ್ರಿತ ಆವೃತ್ತಿಯಿಂದ ಕೋಶಕ್ಕೆ ಸೇರಿದರೆ ಹೊರಗೆ ಹಾಕುವುದು ಸುಲಭವಲ್ಲ. ಅಮೆರಿಕದ ವೆಬ್‌ಸ್ಟರ್ ನಿಘಂಟಿನ 1934ರ ಆವೃತ್ತಿಯಲ್ಲಿಯೂ ಇಂಥದೊಂದು ಘಟನೆ ನಡೆಯಿತು. ಸಾಂದ್ರತೆ ಎಂಬುದಕ್ಕೆ ದೊಡ್ಡ ಡಿ ಅಥವಾ ಸಣ್ಣ ಡಿ ಅಕ್ಷರವನ್ನು ಸಂಕ್ಷೇಪವಾಗಿ ಬಳಸಬಹುದೆಂದು ಹೇಳುವ ಚೀಟಿಯೊಂದು ಸಂಕ್ಷೇಪಗಳ ಕಟ್ಟಿಗೆ ಹೋಗುವ ಬದಲು ಪದಗಳ ಕಟ್ಟಿಗೆ ಹೋಯಿತು. ನಡುವಿನ ತೆರಪುಗಳು ಮುಚ್ಚಿಕೊಂಡು, ಸಾಂದ್ರತೆ ಎಂಬರ್ಥದ 'ಡಾರ್ಡ್' ಎಂಬ ನಾಮಪದ ಅಚ್ಚಾಯಿತು. ಸಂಪಾದಕರ ಗಮನಕ್ಕೆ ಬಂದದ್ದು 1939ರಲ್ಲಿ, ಆ ಪದಕ್ಕೆ ವ್ಯುತ್ಪತ್ತಿಯಿಲ್ಲವೆಂಬ ಕಾರಣದಿಂದ. ಚೀಟಿಯಲ್ಲಿದ್ದ ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದವು. ಅದು ಯಾವ ಬಗೆಯ ಚೀಟಿಯೆಂಬ ಗುರುತು ಮಾತ್ರ ತಪ್ಪಿತ್ತು.

ನಿಘಂಟಿನ ಮೊದಲ ಸಂಚಿಕೆ 352 ಪುಟಗಳಲ್ಲಿ 1884ರ ಆರಂಭದಲ್ಲಿ ಹೊರಬಂದಿತು. ಐದು ವರ್ಷದ ದುಡಿಮೆಯ ನಂತರವೂ ಎ ಅಕ್ಷರ ಮುಗಿದಿರಲಿಲ್ಲ. ಮುದ್ರಣಾಲಯದ ಆಡಳಿತ ಮಂಡಲಿಗೆ ಇದರಿಂದ ಆತಂಕವಾದದ್ದು ಸಹಜ. ಅದಕ್ಕೆ ಮುಂಚಿನ ವರ್ಷ ವಿಶ್ವವಿದ್ಯಾಲಯದ ಉಪಕುಲಪತಿ ಬೆಂಜಮಿನ್ ಜೋವೆಟ್ ಅವರು ನಿಘಂಟಿನ ಹೆಸರನ್ನೂ ಮುನ್ನುಡಿಯನ್ನೂ ತಾವೇ ತಿದ್ದಲು ಹೊರಟಾಗ ಮರ್ರೆಯವರು ರಾಜೀನಾಮೆಯವರೆಗೆ ಹೋಗಿದ್ದರು. ವೆಬ್‌ಸ್ಟರ್ ನಿಘಂಟಿನ ಒಂದು ಪುಟಕ್ಕೆ ಪ್ರತಿಯಾಗಿ ಇಷ್ಟು ಪುಟ ಮೀರಬಾರದೆಂಬ ಮಿತಿ ಬಂದಿತು. 1896ರ ಸುಮಾರಿಗೆ ಈ ಮಿತಿಯ ಪ್ರಶ್ನೆ ಪ್ರಕಟಣೆಯನ್ನೇ ನಿಲ್ಲಿಸುವ ಮಾತಿನವರೆಗೆ ಬೆಳೆಯಿತು. ಹೆನ್ರಿ ಬ್ರಾಡ್ಲಿ, ವಿಲಿಯಂ ಕ್ರೇಗಿ, ಚಾರ್ಲ್ಸ್ ಆನಿಯನ್ಸ್ ಕ್ರಮವಾಗಿ ಸಹ ಸಂಪಾದಕರಾಗಿ ಬಂದು ತಮ್ಮ ತಮ್ಮ ಅಕ್ಷರಗಳನ್ನು ಸ್ವತಂತ್ರವಾಗಿ ನಿರ್ವಹಿಸಿದರು. ಇದರಿಂದ ವೇಗ ಹೆಚ್ಚಿತು. ಆದರೆ ಒಂದೇ ಕೈಯ ಪುಟ ಎಂಬ ಆದರ್ಶ ನಾಲ್ಕು ಕೈಗಳಿಗೆ ಹಂಚಿಹೋಯಿತು. ಮರ್ರೆಯವರ ಪರವಾಗಿಯೇ ಎಲ್ಲವನ್ನೂ ಹೇಳುವುದು ನ್ಯಾಯವಲ್ಲ. ಅವರಿಗೆ ಕೆಲಸವನ್ನು ಇತರರಿಗೆ ಬಿಟ್ಟುಕೊಡುವುದು ತಿಳಿಯದು. ಹಣ ಹೂಡಿದವರ ಸಂಕಟ ಅವರಿಗೆ ಅರ್ಥವಾದಂತೆ ತೋರುವುದಿಲ್ಲ. ನಿರ್ಣಯಗಳೂ ಒಮ್ಮೊಮ್ಮೆ ತಪ್ಪಿದವು. ವೈದ್ಯಕೀಯ ಪ್ರಾಧ್ಯಾಪಕರೊಬ್ಬರ ಸಲಹೆಯಂತೆ ಅವರು ಅಪೆಂಡಿಸೈಟಿಸ್ ಎಂಬ ಪದವನ್ನು ಕೈಬಿಟ್ಟರು; 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ ಮುಂದಕ್ಕೆ ಹೋದದ್ದು ಅದೇ ಕಾಯಿಲೆಯಿಂದ, ಪದ ಎಲ್ಲರ ಬಾಯಲ್ಲಿತ್ತು, ನಿಘಂಟಿನಲ್ಲಿರಲಿಲ್ಲ.

1908ರಲ್ಲಿ ಸರ್ ಪದವಿ ಬಂದಿತು. ಆಕ್ಸ್‌ಫರ್ಡ್ ಗೌರವ ಡಾಕ್ಟರೇಟ್ ಕೊಟ್ಟದ್ದು 1914ರಲ್ಲಿ, ಅವರು ಅದೇ ಊರಿನಲ್ಲಿ ಮೂವತ್ತು ವರ್ಷ ದುಡಿದ ಮೇಲೆ. ಟಿ ಅಕ್ಷರದ ಕೊನೆಯ ಭಾಗದಲ್ಲಿ ತೊಡಗಿರುವಾಗಲೇ 1915ರ ಜುಲೈ 26ರಂದು ಮರ್ರೆಯವರು ನಿಧನರಾದರು. ನಿಘಂಟಿನ ಸುಮಾರು ಅರ್ಧದಷ್ಟು, ಅಂದರೆ ಏಳು ಸಾವಿರಕ್ಕೂ ಹೆಚ್ಚು ಪುಟ, ಅವರೇ ಸಂಪಾದಿಸಿದ್ದು. ನಿಘಂಟು ಪೂರ್ಣಗೊಂಡದ್ದು 1928ರ ಏಪ್ರಿಲಿನಲ್ಲಿ. ಪದಗಳು 4,14,825, ಪ್ರಯೋಗಗಳು ಹದಿನೆಂಟು ಲಕ್ಷಕ್ಕೂ ಹೆಚ್ಚು.

1984ರ ಗಣಕೀಕರಣ ಯೋಜನೆಗೆ ಈ ಪುಟಗಳು, 1972ರಿಂದ 1986ರವರೆಗೆ ರಾಬರ್ಟ್ ಬರ್ಚ್‌ಫೀಲ್ಡ್ ಹೊರತಂದ ನಾಲ್ಕು ಪುರವಣಿ ಸಂಪುಟಗಳು, ಎರಡೂ ಸೇರಿ ಒಂದೇ ಪಠ್ಯವಾಗಬೇಕಿತ್ತು. ಎಡ್ಮಂಡ್ ವೀನರ್ ಮತ್ತು ಜಾನ್ ಸಿಂಪ್ಸನ್ ಸಂಪಾದಕರು. ಐಬಿಎಂ ಸಂಸ್ಥೆ ಯಂತ್ರಗಳನ್ನೂ ತಜ್ಞರನ್ನೂ ಒದಗಿಸಿತು. ಬೆರಳಚ್ಚುಗಾರರು ಪಠ್ಯದೊಂದಿಗೆ ಹಾಕಿದ ಗುರುತುಗಳು ಸ್ಥೂಲವಾದವು. ಅವನ್ನು ಸೂಕ್ಷ್ಮವಾದ ಟ್ಯಾಗುಗಳಾಗಿ ಪರಿವರ್ತಿಸುವ ಹೊಣೆ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಗಣಕವಿಜ್ಞಾನಿಗಳದು. ಅವರು ಕಂಡುಕೊಂಡ ಮಾರ್ಗ ವೈಯಾಕರಣರು ಮೆಚ್ಚುವಂಥದು. ವಾಕ್ಯಕ್ಕೆ ವ್ಯಾಕರಣವಿರುವಂತೆ ನಿಘಂಟಿನ ಉಲ್ಲೇಖಕ್ಕೂ ವ್ಯಾಕರಣವಿದೆ ಎಂದು ಅವರು ಭಾವಿಸಿದರು: ಮುಖ್ಯಪದ, ಉಚ್ಚಾರಣೆ, ವ್ಯಾಕರಣವರ್ಗ, ರೂಪಗಳು, ವ್ಯುತ್ಪತ್ತಿ, ಅರ್ಥಗಳು, ಒಂದೊಂದು ಅರ್ಥದ ಕೆಳಗೂ ಪ್ರಯೋಗಗಳು. ಈ ನಿಯಮಗಳನ್ನು ಬರೆದುಕೊಟ್ಟರೆ ಯಂತ್ರ ಪಠ್ಯದುದ್ದಕ್ಕೂ ಸಾಗುತ್ತ, ಓರೆ ಅಕ್ಷರ ಇಲ್ಲಿ ಬಂದುದರಿಂದ ಇದು ಕೃತಿಯ ಹೆಸರು, ಅಲ್ಲಿ ಬಂದುದರಿಂದ ಅದು ವ್ಯಾಕರಣಸೂಚನೆ ಎಂದು ತೀರ್ಮಾನಿಸಬಲ್ಲುದು. ಸತ್ತ ಸಂಪಾದಕನೊಬ್ಬನ ಅಲಿಖಿತ ಸೂತ್ರಗಳನ್ನು ಪ್ರಯೋಗದಿಂದ ಊಹಿಸಿ ಸೂತ್ರೀಕರಿಸುವ ಕೆಲಸ ಇದು.

ಯಂತ್ರಕ್ಕೆ ನಿಯಮ ಹೊಂದದೆ ನಿಂತ ಕಡೆಗಳಲ್ಲಿ ತಿದ್ದುವ ಪ್ರಶ್ನೆ ಬರುತ್ತದೆ. ಅಲ್ಲಿ ಮೂರು ಸಾಧ್ಯತೆಗಳು. ಬೆರಳಚ್ಚುಗಾರರು ಗುರುತನ್ನು ಬಿಟ್ಟಿರಬಹುದು ಅಥವಾ ತಪ್ಪಾಗಿ ಹಾಕಿರಬಹುದು. ಮೂಲ ಸಂಪಾದಕರೇ ಆ ಪುಟದಲ್ಲಿ ತಮ್ಮ ಕ್ರಮವನ್ನು ಬಿಟ್ಟಿರಬಹುದು. ಅಥವಾ ಸೂತ್ರ ಬರೆದವರಿಗೆ ಕ್ರಮ ಪೂರ್ತಿ ಅರ್ಥವಾಗದಿರಬಹುದು. ಲಿಪಿಕಾರನ ಸ್ಖಾಲಿತ್ಯ, ಕವಿಯ ಸ್ವಾತಂತ್ರ್ಯ, ಸಂಪಾದಕನ ಅಜ್ಞಾನ ಎಂದು ಗ್ರಂಥಸಂಪಾದಕರು ಪಾಠನಿರ್ಣಯದಲ್ಲಿ ಬೇರ್ಪಡಿಸುವ ಮೂರು ಕಾರಣಗಳೇ ಇಲ್ಲಿಯೂ ಇವೆ. ಮೊದಲನೆಯದಾದರೆ ತಿದ್ದಬೇಕು, ಎರಡನೆಯದಾದರೆ ಮೂಲಪಾಠವನ್ನು ಉಳಿಸಿಕೊಂಡೇ ಟ್ಯಾಗಿನಲ್ಲಿ ಅದರ ಕಾರ್ಯವನ್ನು ಹೇಳಬೇಕು, ಮೂರನೆಯದಾದರೆ ಸೂತ್ರವನ್ನೇ ಬದಲಿಸಬೇಕು. ಇವನ್ನು ಬೆರೆಸಿದರೆ ಅಪಾಯ. ಕುಗ್ಗಿಸಿದ ಕ್ಯಾಪಿಟಲ್ ಅಕ್ಷರದ ಒಂದು ಪರಾಮರ್ಶನ ಸೂಚನೆಗೆ ಕರ್ತೃವಿನ ಟ್ಯಾಗ್ ಬಿದ್ದರೆ ಮುದ್ರಿತ ಪುಟದಲ್ಲಿ ವ್ಯತ್ಯಾಸವೇ ಕಾಣದು. ಕರ್ತೃಗಳ ಪಟ್ಟಿಯನ್ನು ಯಂತ್ರದಿಂದ ತೆಗೆಸಿದ ದಿನ ಆ ಪದ ಒಬ್ಬ ಗ್ರಂಥಕರ್ತನಾಗಿ ಎದ್ದುನಿಲ್ಲುತ್ತದೆ. ಅಬಕಾಟ್ ಹುಟ್ಟಿದ್ದೂ ಹೀಗೆಯೇ. ಕಣ್ಣಿಗೆ ಕಾಣದ ಈ ಬಗೆಯ ದೋಷವನ್ನು ಕರಡು ತಿದ್ದುವ ಹಳೆಯ ಕ್ರಮದಿಂದ ಹಿಡಿಯಲಾಗದು. ನಿಘಂಟನ್ನು ಅರ್ಥಮಾಡಿಕೊಂಡವರೇ ಹಿಡಿಯಬೇಕು.

ಮರ್ರೆಯವರ ಉಚ್ಚಾರಣ ಚಿಹ್ನೆಗಳನ್ನು ಈ ಸಂದರ್ಭದಲ್ಲಿ ಅಂತಾರಾಷ್ಟ್ರೀಯ ಧ್ವನಿಲಿಪಿಗೆ ಪರಿವರ್ತಿಸಲಾಯಿತು. ಅವರ ಮೊದಲ ಸಂಚಿಕೆ ಅಚ್ಚಾದಾಗ ಆ ಲಿಪಿಯನ್ನು ರೂಪಿಸಿದ ಸಂಘ ಇನ್ನೂ ಹುಟ್ಟಿರಲಿಲ್ಲ. ಒಂದು ಚಿಹ್ನೆಗೆ ಒಂದೇ ಬೆಲೆ ಎಂಬ ಅವರ ಶಿಸ್ತಿನಿಂದಾಗಿ ಪರಿವರ್ತನೆಯ ದೊಡ್ಡ ಪಾಲು ಯಂತ್ರದಿಂದ ಸಾಧ್ಯವಾಯಿತು. ಪುರವಣಿ ಮತ್ತು ಮೂಲಗಳ ಜೋಡಣೆಯಲ್ಲಿಯೂ ಹೆಚ್ಚಿನ ಭಾಗ ತಾನಾಗಿ ಕೂಡಿಕೊಂಡಿತು. ಉಳಿದದ್ದನ್ನು ಸಂಪಾದಕರು ತೆರೆಯ ಮುಂದೆ ಕುಳಿತು ಒಂದೊಂದಾಗಿ ಬಿಡಿಸಿದರು. 1989ರ ಮಾರ್ಚಿನಲ್ಲಿ ಎರಡನೆಯ ಆವೃತ್ತಿ 20 ಸಂಪುಟ, 21,730 ಪುಟಗಳಲ್ಲಿ ಪ್ರಕಟವಾಯಿತು. ವಾಟರ್ಲೂ ತಂಡದಲ್ಲಿ ದುಡಿದ ಟಿಮ್ ಬ್ರೇ ಮುಂದೆ 1998ರಲ್ಲಿ ಎಕ್ಸ್‌ಎಂಎಲ್ ಎಂಬ ಮಾರ್ಕಪ್ ಮಾನಕದ ಸಂಪಾದಕರಲ್ಲಿ ಒಬ್ಬರಾದರು. ಹಳೆಯ ಗ್ರಂಥಗಳನ್ನು ಗಣಕಕ್ಕೆ ಅಳವಡಿಸುವವರು ಇಂದು ವ್ಯಾಪಕವಾಗಿ ಬಳಸುವ ಮಾನಕ ಅದು.

ಮರ್ರೆಯವರ ಜೀವಮಾನದಲ್ಲಿ ತಿದ್ದಲಾಗದೆ ಉಳಿದ ಒಂದು ತಪ್ಪಿದೆ. ಬಿ ಅಕ್ಷರದ ಸಂಚಿಕೆಗಳು ಅಚ್ಚಾಗುವಾಗ ದಾಸಿ ಎಂಬರ್ಥದ 'ಬಾಂಡ್‌ಮೇಡ್' ಎಂಬ ಪದದ ಚೀಟಿಗಳು ಸ್ಕ್ರಿಪ್ಟೋರಿಯಮ್ಮಿನಲ್ಲಿ ಎಲ್ಲಿಯೋ ಕಳೆದುಹೋದವು. ಬೈಬಲ್ಲಿನ ಇಂಗ್ಲಿಷ್ ಅನುವಾದದಲ್ಲಿಯೇ ಇರುವ ಆ ಪದವಿಲ್ಲದೆ ಸಂಪುಟ ಹೊರಬಂದಿತು. ಓದುಗರೊಬ್ಬರು 1901ರಲ್ಲಿ ಬರೆದ ಪತ್ರದಿಂದ ಇದು ಅವರಿಗೆ ತಿಳಿಯಿತು. ಮೂವತ್ತು ಜನರ ಕಣ್ಣಿನಡಿ, ಇಷ್ಟೊಂದು ಗೂಡುಗಳ ನಡುವೆ ಒಂದು ಕಟ್ಟು ಹೇಗೆ ತಪ್ಪಿಸಿಕೊಂಡಿತೆಂಬುದಕ್ಕೆ ಅವರಲ್ಲಿ ವಿವರಣೆ ಇರಲಿಲ್ಲ. ಆ ವೇಳೆಗೆ ಸಂಪುಟ ಅಚ್ಚಾಗಿ ಬಹಳ ವರ್ಷವಾಗಿತ್ತು. ಅವರು ತೀರಿಕೊಂಡು ಹದಿನೆಂಟು ವರ್ಷಗಳಾದ ಮೇಲೆ, 1933ರ ಪುರವಣಿಯಲ್ಲಿ, ಬಾಂಡ್‌ಮೇಡ್ ಅಚ್ಚಾಯಿತು. 1989ರ ಆವೃತ್ತಿಯಲ್ಲಿ ಪುರವಣಿಯ ಉಲ್ಲೇಖಗಳನ್ನು ಮೂಲದೊಡನೆ ಬೆರೆಸಿದಾಗ ಅದು ಅಕಾರಾದಿಯಲ್ಲಿ ತನ್ನ ಜಾಗಕ್ಕೆ ಹೋಗಿ ಕುಳಿತಿತು.